ತಣ್ಣೀರು ತಣ್ಣಗಿರದ ಊರಲ್ಲಿ

ಕೆಲಸದ ಜಾಗದ ನೀರು ಕುಡಿಯಲು ಯೋಗ್ಯವೇ ಎಂದಷ್ಟೇ ನಾವು ವಿಚಾರಿಸುತ್ತೇವೆ. ಆದರೆ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಉಸಿರಿನ ದಾರಿಯಲ್ಲಿ ಬರುತ್ತದೆ. ಮಡಕಶಿರಾ ಸೀಮೆಯ ಬಿಸಿಲು, ಬರ, ಕಪ್ಪು ಟ್ಯಾಂಕುಗಳ ನಡುವೆ ಅದನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ?

ಏಪ್ರಿಲ್ ಮಧ್ಯಾಹ್ನ ರೊಳ್ಳದ ಯಾವ ಕಚೇರಿಯ ನಲ್ಲಿ ತಿರುಗಿಸಿದರೂ ಮೊದಲು ಬರುವುದು ಬಿಸಿನೀರೇ. ತಾರಸಿಯ ಮೇಲೊಂದು ಕಪ್ಪು ಸಿಂಟೆಕ್ಸ್ ಟ್ಯಾಂಕು, ಅಲ್ಲಿಂದ ಗೋಡೆಯ ಹೊರಮೈಗೆ ಅಂಟಿಕೊಂಡು ಇಳಿದ ಪಿವಿಸಿ ಪೈಪು. ಎರಡೂ ಬೆಳಗಿನಿಂದ ಬಿಸಿಲಿಗೆ ಕಾದಿರುತ್ತವೆ. ಕೈ ಚುರುಕ್ಕೆಂದವರು ಒಂದಿಷ್ಟು ನೀರು ಹರಿಯಬಿಟ್ಟು, ಮುಖ ತೊಳೆದು ಮೇಜಿಗೆ ಮರಳುತ್ತಾರೆ. ಆ ಬಿಸಿಯನ್ನು ಯಾರೂ ಅಪಾಯವೆಂದು ಎಣಿಸುವುದಿಲ್ಲ.

ಎಣಿಸದಿರುವುದಕ್ಕೆ ಕಾರಣವಿದೆ. ಈ ಸೀಮೆಯ ನೀರಿನ ಚಿಂತೆಗಳೇ ಬೇರೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ, ಮಡಕಶಿರಾ ಮಂಡಲಗಳು ಆಂಧ್ರದಲ್ಲಿದ್ದರೂ ಸುತ್ತುವರಿದಿರುವುದು ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಗೆ ಸೇರಿದ್ದ ಈ ಭಾಗ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ಮಳೆ ಬದಲಾಗಿಲ್ಲ. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿ.ಮೀ. ಬೋರು ಆಳಕ್ಕಿಳಿದಂತೆ ಫ್ಲೋರೈಡ್ ಮೇಲಕ್ಕೆ ಬಂತು. ಕಂದುಗಟ್ಟಿದ ಹಲ್ಲು, ಬಿಗಿದ ಮೊಣಕಾಲು ಈ ಕಡೆಯ ಹಳ್ಳಿಗಳಿಗೆ ಹೊಸದಲ್ಲ. 1990ರ ದಶಕದ ನಡುವಿನಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ಕೊಳವೆ ಎಳೆದದ್ದೂ ಇದೇ ಸಂಕಟಕ್ಕೆ ಪರಿಹಾರವಾಗಿ. ಆದ್ದರಿಂದ ಇಲ್ಲಿ ನೀರಿನ ಬಗ್ಗೆ ಕೇಳುವುದು ಎರಡೇ ಪ್ರಶ್ನೆ: ಸಾಕಾಗುತ್ತದೆಯೇ? ಕುಡಿಯಬಹುದೇ?

ಮೂರನೆಯದೊಂದು ಪ್ರಶ್ನೆ ಬಾಕಿ ಇದೆ. ಈ ನೀರು ಹನಿಯಾಗಿ ಸಿಡಿದು ಉಸಿರಿಗೆ ಸೇರಿದರೆ ಏನಾಗುತ್ತದೆ?

ಹೋಟೆಲಿನಿಂದ ಹೊರಟ ಜ್ವರ

1976ರ ಜುಲೈ. ಅಮೆರಿಕದ ಫಿಲಡೆಲ್ಫಿಯಾದ ಬೆಲ್ಲೆವ್ಯೂ–ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಮನೆಗೆ ಮರಳಿದವರು ಒಬ್ಬೊಬ್ಬರಾಗಿ ಜ್ವರ, ನ್ಯುಮೋನಿಯಾದಿಂದ ಮಲಗಿದರು. ಒಟ್ಟು 221 ಮಂದಿಗೆ ಕಾಯಿಲೆ ತಗುಲಿ 34 ಮಂದಿ ಸತ್ತರು. ಸತ್ತವರಲ್ಲಿ ಕೆಲವರು ಸಮಾವೇಶಕ್ಕೆ ಹೋದವರೇ ಅಲ್ಲ, ಹೋಟೆಲಿನ ಪಕ್ಕದ ರಸ್ತೆಯಲ್ಲಿ ನಡೆದವರು. ಜನ ಹೆದರಿ ದೂರವಾದರು, ವರ್ಷಾಂತ್ಯದೊಳಗೆ ಹೋಟೆಲು ಬಾಗಿಲು ಹಾಕಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಕಾರಣವಾದ ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚಿದ ಸುದ್ದಿ 1977ರ ಜನವರಿಯಲ್ಲಿ ಹೊರಬಿತ್ತು. ಸಂಘದ ಹೆಸರೇ ಅದಕ್ಕೂ ಅಂಟಿತು: ಲೆಜಿಯೊನೆಲ್ಲಾ ನ್ಯುಮೋಫಿಲಾ.

ಇದು ಹೊರಗಿನಿಂದ ಬಂದ ವಿಚಿತ್ರ ಜೀವಿಯಲ್ಲ. ಕೆರೆ, ಹೊಳೆ, ಒದ್ದೆ ಮಣ್ಣಿನಲ್ಲಿ ಅಲ್ಪ ಸಂಖ್ಯೆಯಲ್ಲಿ ಎಲ್ಲೆಡೆ ಇದೆ. ಅಲ್ಲಿದ್ದಷ್ಟು ದಿನ ನಮ್ಮ ತಂಟೆಗೆ ಬರುವುದು ಅಪರೂಪ. ಕಟ್ಟಡದ ಕೊಳವೆಗೆ ಸೇರಿ, ಬೆಚ್ಚಗಿನ ನಿಂತ ನೀರು ಸಿಕ್ಕಾಗ ಅದರ ಕಾಲ. ಟ್ಯಾಂಕಿನ ಒಳಗೋಡೆಗೆ ಬೆರಳಾಡಿಸಿದರೆ ಲೋಳೆ ತಾಗುತ್ತದಲ್ಲ, ಆ ಲೋಳೆಪೊರೆಯಲ್ಲಿ ಅಮೀಬಾಗಳಿರುತ್ತವೆ. ಲೆಜಿಯೊನೆಲ್ಲಾ ಆ ಅಮೀಬಾಗಳ ಒಳಹೊಕ್ಕು ಅಲ್ಲೇ ಮರಿ ಹಾಕುತ್ತದೆ ಎಂಬುದನ್ನು 1980ರಲ್ಲಿ ಇಂಗ್ಲೆಂಡಿನ ಟಿಮೊಥಿ ರೋಬೋಥಮ್ ತೋರಿಸಿದರು. ನೀರಿಗೆ ಕ್ಲೋರಿನ್ ಹಾಕಿದರೂ ಅದು ಉಳಿದುಬರುವುದಕ್ಕೆ ಈ ಅಡಗುತಾಣವೇ ಕಾರಣ. ಪೈಪಿನ ತುಕ್ಕು, ಗಡಸು ನೀರು ಕಟ್ಟುವ ಬಿಳಿ ಸುಣ್ಣದ ಪದರ ಆ ಲೋಳೆಗೆ ಗಟ್ಟಿ ನೆಲೆ ಒದಗಿಸುತ್ತವೆ.

ಅಲ್ಲಿಂದ ಮನುಷ್ಯನ ಶ್ವಾಸಕೋಶಕ್ಕೆ ದಾರಿ ಸಣ್ಣ ಹನಿ. ಶವರ್, ಪಿಚಕಾರಿಯಂತೆ ಚಿಮ್ಮುವ ಹೋಸು, ಕಾರಂಜಿ, ಹವಾನಿಯಂತ್ರಣದ ಕೂಲಿಂಗ್ ಟವರ್, ಯಾವುದೇ ಆಗಲಿ ನೀರನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆದರೆ ಸಾಕು. ಕುದಿಯುವ ಪಾತ್ರೆಯ ಆವಿಯಿಂದ ಈ ಭಯವಿಲ್ಲ, ಕುದಿತದಲ್ಲಿ ಅದು ಬದುಕದು. ಕುಡಿದ ನೀರು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ನೆತ್ತಿಗೇರಿ ಶ್ವಾಸನಾಳಕ್ಕೆ ಇಳಿದರೆ ಮಾತ್ರ ಅಪಾಯ. ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆಯೂ ಇದಲ್ಲ. ಹಾಗಾಗಿ ರೋಗಿಯನ್ನು ದೂರವಿಟ್ಟು ಪ್ರಯೋಜನವಿಲ್ಲ, ನೀರನ್ನೇ ಹಿಡಿಯಬೇಕು.

20 ಡಿಗ್ರಿಯ ನಿಯಮ ಇಲ್ಲಿ ನಡೆಯದು

ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆಯ ಮಾರ್ಗಸೂಚಿಯನ್ನು ಜಗತ್ತಿನ ಬಹಳಷ್ಟು ಕಂಪನಿಗಳು ಅನುಸರಿಸುತ್ತವೆ. ಅದರ ತಿರುಳು ಸರಳ. ಲೆಜಿಯೊನೆಲ್ಲಾ ಬೆಳೆಯುವುದು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದ ತಣ್ಣೀರನ್ನು 20ಕ್ಕಿಂತ ಕೆಳಗಿಡಿ, ಬಿಸಿನೀರನ್ನು 60ರಲ್ಲಿ ಶೇಖರಿಸಿ. ನಲ್ಲಿ ತಿರುಗಿಸಿದ 1 ನಿಮಿಷದೊಳಗೆ ಬಿಸಿನೀರು 50 ಡಿಗ್ರಿ ಮುಟ್ಟಬೇಕು, 2 ನಿಮಿಷದೊಳಗೆ ತಣ್ಣೀರು 20ಕ್ಕಿಂತ ಕೆಳಗಿಳಿಯಬೇಕು. 50 ಡಿಗ್ರಿಯಲ್ಲಿ ಈ ಬ್ಯಾಕ್ಟೀರಿಯಾ ಸಾಯಲು ಗಂಟೆಗಳು ಬೇಕು, 60ರಲ್ಲಿ ನಿಮಿಷಗಳು ಸಾಕು.

ಈ ಪುಸ್ತಕ ಹಿಡಿದು ರೊಳ್ಳಕ್ಕೆ ಬಂದರೆ ಮೊದಲ ನಲ್ಲಿಯಲ್ಲೇ ಸೋಲು. ದಖ್ಖನದ ಈ ಭಾಗದಲ್ಲಿ ಬೋರಿನಿಂದ ಆಗಷ್ಟೇ ಎತ್ತಿದ ನೀರೇ 25 ಡಿಗ್ರಿ ದಾಟಿರುತ್ತದೆ. ತಾರಸಿಯ ಟ್ಯಾಂಕಿನಲ್ಲಿ ಅದು ಬೇಸಿಗೆಯ ಹಗಲು 35–40ಕ್ಕೆ ಏರುತ್ತದೆ. ಅಂದರೆ ನಮ್ಮ ‘ತಣ್ಣೀರು’ ವರ್ಷಪೂರ್ತಿ ಈ ಜೀವಿಗೆ ಹಿತವಾದ ಉಷ್ಣಾಂಶದಲ್ಲೇ ಇದೆ. ಚಳಿದೇಶದವರ ಕೈಯಲ್ಲಿರುವ ಎರಡು ಅಸ್ತ್ರಗಳಲ್ಲಿ ಒಂದು ನಮಗೆ ಸಿಗುವುದೇ ಇಲ್ಲ.

ತಣ್ಣೀರಿಗೆ ಉಳಿದದ್ದು ಬೇರೆ ಮೂರು ದಾರಿ: ನೀರನ್ನು ನಿಲ್ಲಗೊಡದಿರುವುದು, ಕ್ಲೋರಿನ್ ಉಳಿಸಿಕೊಳ್ಳುವುದು, ಲೋಳೆ ಕಟ್ಟದಂತೆ ಉಜ್ಜಿ ತೊಳೆಯುವುದು. ಚಳಿದೇಶದಲ್ಲಿ ಇವು ಹೆಚ್ಚುವರಿ ಕಾವಲು, ಇಲ್ಲಿ ಇವೇ ಮೊದಲ ಕಾವಲು. ನಮ್ಮ ಕಟ್ಟಡಗಳ ಅಪಾಯ ಅಂದಾಜು ಮಾಡುವವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು.

ತೊಡಕು ಇರುವುದು ಬರದ ಬುದ್ಧಿಯಲ್ಲಿ. ನೀರು ಬಂದಾಗ ತುಂಬಿಸಿಕೊ, ಹರಿಯಬಿಡಬೇಡ ಎಂಬುದು ಈ ಸೀಮೆ ತಲೆಮಾರುಗಳಿಂದ ಕಲಿತ ಪಾಠ. ಕೆರೆ ಕಟ್ಟಿಯೇ ಬದುಕಿದ ನಾಡು ಇದು. ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ ಬರುವ ಕಡೆ ದೊಡ್ಡ ಟ್ಯಾಂಕು ಕೂರಿಸುವುದೇ ಜಾಣತನ. ಆದರೆ ತಾರಸಿಯ ಮೇಲೆ ನಾಲ್ಕು ದಿನ ಕುಳಿತ 40 ಡಿಗ್ರಿಯ ನೀರಿನಲ್ಲಿ ಕ್ಲೋರಿನ್ ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಉಳಿತಾಯ ಮತ್ತು ಆರೋಗ್ಯ ಇಲ್ಲಿ ಎದುರುಬದುರು ನಿಲ್ಲುತ್ತವೆ.

ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆ. ದಿನಗಟ್ಟಲೆ ಕೂಡಿಡಬೇಕಾದ ನೀರು ನೆಲದಡಿಯ ಸಂಪಿನಲ್ಲಿರಲಿ. ಮಣ್ಣಿನ ತಂಪಿಗೆ ಅಲ್ಲಿ ಉಷ್ಣಾಂಶ ಅಷ್ಟಾಗಿ ಏರದು, ಬಿಸಿಲು ಬೀಳದೆ ಕ್ಲೋರಿನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ತಾರಸಿಯ ಟ್ಯಾಂಕಿಗೆ ಅಂದಂದಿನ ಬಳಕೆಗೆ ಬೇಕಾದಷ್ಟೇ ಏರಿಸಿ. 20 ಮಂದಿಯ ಕಚೇರಿಗೆ 5,000 ಲೀಟರಿನ ಟ್ಯಾಂಕು ಮೇಲೆ ಬೇಕಿಲ್ಲ. ಬಳಸದ ನಲ್ಲಿಗಳಿಂದ ವಾರಕ್ಕೊಮ್ಮೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ಶೌಚಾಲಯಕ್ಕೋ ಗಿಡದ ಬುಡಕ್ಕೋ ಸುರಿದರೆ ಹನಿಯೂ ವ್ಯರ್ಥವಾಗದು. ಟ್ಯಾಂಕಿಗೆ ಬಿಳಿ ಬಣ್ಣ, ಮೇಲೊಂದು ತಗಡಿನ ನೆರಳು, ಪೈಪಿಗೆ ಹೊದಿಕೆ ಹಾಕಿದರೆ ಕೆಲವು ಡಿಗ್ರಿ ಇಳಿಯುತ್ತದೆ.

ಎಲ್ಲೆಲ್ಲಿ ನೋಡಬೇಕು

ಈ ಭಾಗದ ದುಡಿಮೆ ಈಗ ಹೊಲಕ್ಕೆ ಸೀಮಿತವಲ್ಲ. ಹಿಂದೂಪುರದ ಕೈಗಾರಿಕಾ ಪ್ರದೇಶಗಳು, ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಲ್ಲಿ ಉತ್ಪಾದನೆ ಆರಂಭಿಸಿದ ಕಿಯಾ ಕಾರು ಕಾರ್ಖಾನೆ, ತುಮಕೂರಿನ ವಸಂತನರಸಾಪುರ, ದೂರದ ಬೆಂಗಳೂರು — ಗಡಿಯ ಆಚೀಚೆಯ ಯುವಜನ ಕೆಲಸಕ್ಕೆ ಹೋಗುವ ದಿಕ್ಕುಗಳು ಇವು. ಪ್ರತಿ ಕೆಲಸದ ಜಾಗದಲ್ಲೂ ನೀರಿನ ವೇಷ ಬೇರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕೂಲಿಂಗ್ ಟವರಿನ ಬಳಿ. ದೊಡ್ಡ ಕಚೇರಿ, ಕಾರ್ಖಾನೆ, ಆಸ್ಪತ್ರೆಗಳ ಮಾಳಿಗೆಯಲ್ಲಿ ಫ್ಯಾನ್ ಹೊತ್ತ ದೊಡ್ಡ ಪೆಟ್ಟಿಗೆಯಂತಿರುವ ಇದರಲ್ಲಿ ಬೆಚ್ಚಗಿನ ನೀರು ಜಾಲರಿಗಳ ಮೇಲೆ ಸುರಿಯುತ್ತದೆ, ಗಾಳಿ ಅದನ್ನು ತಣಿಸುತ್ತದೆ. ಹೊರಹೋಗುವ ಗಾಳಿಯ ಜೊತೆ ಸೂಕ್ಷ್ಮ ಹನಿಗಳೂ ಹೊರಡುತ್ತವೆ. ಅವನ್ನು ತಡೆಯಲೆಂದೇ ಡ್ರಿಫ್ಟ್ ಎಲಿಮಿನೇಟರ್ ಎಂಬ ಮಡಿಕೆ ಹಾಳೆಗಳಿರುತ್ತವೆ. ಅವು ಮುರಿದಿದ್ದರೆ ಹನಿ ಊರಿನ ಮೇಲೆ. 2003–04ರಲ್ಲಿ ಫ್ರಾನ್ಸಿನ ಪಾ-ದ-ಕಲೆ ಪ್ರದೇಶದಲ್ಲಿ ಒಂದು ಪೆಟ್ರೋಕೆಮಿಕಲ್ ಘಟಕದ ಟವರಿನಿಂದ ಹೊರಟ ಸೋಂಕು ಕನಿಷ್ಠ 6 ಕಿ.ಮೀ. ದೂರದವರನ್ನೂ ತಾಗಿತು. 86 ಮಂದಿಗೆ ಕಾಯಿಲೆ, 18 ಸಾವು. ಟವರನ್ನು ಶುಚಿ ಮಾಡಲು ಅಧಿಕ ಒತ್ತಡದ ನೀರು ಚಿಮ್ಮಿಸಿದ್ದೇ ಎರಡನೇ ಸುತ್ತಿನ ಸೋಂಕಿಗೆ ನೆರವಾಯಿತೆಂದು ತನಿಖೆ ಹೇಳಿತು. ಶುಚಿ ಮಾಡುವ ಮುನ್ನ ಸೋಂಕುನಾಶಕ ಹಾಕಬೇಕು, ಫ್ಯಾನು ನಿಲ್ಲಿಸಬೇಕು, ತೊಳೆಯುವವರಿಗೆ ಎನ್‌95 ಮಾಸ್ಕ್ ಕೊಡಬೇಕು. ಈ ಕೆಲಸಕ್ಕೆ ಇಳಿಯುವುದು ಸಾಮಾನ್ಯವಾಗಿ ಗುತ್ತಿಗೆ ಕಾರ್ಮಿಕರು. ಅವರಿಗೆ ಮೊದಲು ಹೇಳಬೇಕಾದ ವಿಷಯ ಅವರಿಗೇ ಕೊನೆಗೆ ತಲುಪುತ್ತದೆ.

ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳು ತಾಡಪತ್ರಿಯಿಂದ ಶಿರಾವರೆಗೆ ಹಬ್ಬಿವೆ. ಗರಗಸದ ಮೇಲೆ ನೀರು ಬಿಡುವುದು ದೂಳು ಅಡಗಿಸಲು. ಸಿಲಿಕಾ ದೂಳಿನಿಂದ ಶ್ವಾಸಕೋಶ ಕಾಯುವ ಆ ನೀರನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಆದರೆ ಅದೇ ನೀರು ತೊಟ್ಟಿಗಿಳಿದು, ಬೆಚ್ಚಗಾಗಿ, ಮತ್ತೆ ಮತ್ತೆ ಗರಗಸಕ್ಕೆ ಬರುತ್ತದೆ. ತೊಟ್ಟಿಯ ಕೆಸರು ತೆಗೆಯದೆ, ನೀರು ಬದಲಿಸದೆ ತಿಂಗಳುಗಟ್ಟಲೆ ಓಡಿಸಿದರೆ ಒಂದು ರೋಗ ತಡೆಯಹೋಗಿ ಇನ್ನೊಂದಕ್ಕೆ ಬಾಗಿಲು ತೆರೆದಂತೆ. ದೂಳಿನಿಂದ ಮೊದಲೇ ಬಳಲಿದ ಶ್ವಾಸಕೋಶಕ್ಕೆ ಈ ಸೋಂಕನ್ನು ತಡೆಯುವ ಶಕ್ತಿ ಕಡಿಮೆ.

ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಗೂಡು ಬೇಯಿಸುವ ಕುದಿನೀರು ಸುರಕ್ಷಿತ. ನೂಲು ತೆಗೆಯುವ ಬೇಸನ್ನಿನ ನೀರು ಮಾತ್ರ ಕೈ ತಾಳುವಷ್ಟೇ ಬೆಚ್ಚಗಿರುತ್ತದೆ. ಸಂಜೆ ಅದನ್ನು ಖಾಲಿ ಮಾಡಿ, ಬೇಸನ್ ಉಜ್ಜಿ ಒಣಗಿಸಿ ಹೋಗುವ ಹಳೆಯ ಅಭ್ಯಾಸವೇ ಸರಿ. ರಾತ್ರಿಯಿಡೀ ನೀರು ಬಿಟ್ಟು ಬೆಳಗ್ಗೆ ಅದನ್ನೇ ಕಾಯಿಸುವುದು ಬೇಡ.

ವಸತಿ ಶಾಲೆ, ಕಾರ್ಮಿಕರ ಹಾಸ್ಟೆಲುಗಳಲ್ಲಿ ಕಣ್ಣಿಡಬೇಕಾದದ್ದು ಸೋಲಾರ್ ಹೀಟರ್ ಮತ್ತು ಶವರ್. ಬಿಸಿಲ ದಿನ ಸೋಲಾರ್ ಟ್ಯಾಂಕು 60 ಡಿಗ್ರಿ ಸುಲಭವಾಗಿ ದಾಟುತ್ತದೆ. ಆಷಾಢದ ಮೋಡದಲ್ಲಿ ದಿನಗಟ್ಟಲೆ 40ರ ಆಸುಪಾಸಿನಲ್ಲಿ ಉಳಿಯುತ್ತದೆ. ಅಂಥ ವಾರಗಳಲ್ಲಿ ಬ್ಯಾಕಪ್ ಕಾಯಿಲ್ ಹಾಕಿ 60ಕ್ಕೆ ಏರಿಸಬೇಕು, ಮಕ್ಕಳಿರುವ ಕಡೆ ಮೈ ಸುಡದಂತೆ ಬೆರೆಸಿಯೇ ಬಿಡಬೇಕು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಬೀಗ ಹಾಕಿದ್ದ ಹಾಸ್ಟೆಲಿನಲ್ಲಿ ಜೂನ್ ಮೊದಲ ದಿನ ಮಕ್ಕಳನ್ನು ನೇರ ಶವರಿನಡಿ ನಿಲ್ಲಿಸುವುದಂತೂ ಸಲ್ಲದು. 2020ರ ಲಾಕ್‌ಡೌನಿನ ನಂತರ ಕಚೇರಿಗಳು ಮತ್ತೆ ತೆರೆದಾಗ ಜಗತ್ತಿನಾದ್ಯಂತ ಆರೋಗ್ಯ ಸಂಸ್ಥೆಗಳು ಎಚ್ಚರಿಸಿದ್ದು ಇದನ್ನೇ.

ಬೆಂಗಳೂರಿನ ನೀರಿನ ಬಿಕ್ಕಟ್ಟಿನಲ್ಲಿ, 2024ರ ಮಾರ್ಚಿನಲ್ಲಿ, ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ನೀರುಳಿಸಲು ಅದು ಒಳ್ಳೆಯ ಕ್ರಮ. ಆ ಪುಟ್ಟ ಜಾಲರಿಯಲ್ಲಿ ಕಸ, ಸುಣ್ಣ, ಲೋಳೆ ನಿಲ್ಲುತ್ತದೆ, ಹರಿವು ಕಡಿಮೆಯಾದ ಕೊಳವೆಯಲ್ಲಿ ನೀರು ಹೆಚ್ಚು ಹೊತ್ತು ಕೂರುತ್ತದೆ ಎಂಬುದನ್ನೂ ಹೌಸ್‌ಕೀಪಿಂಗ್‌ನವರಿಗೆ ಹೇಳಿಕೊಡಬೇಕಿತ್ತು. ಮೂರು ತಿಂಗಳಿಗೊಮ್ಮೆ ಏರಿಯೇಟರ್, ಶವರ್ ತಲೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿ ಉಜ್ಜಿದರೆ ಮುಗಿಯಿತು.

ಅರ್ಧ ದಿನದ ಕೆಲಸ

ಅಪಾಯ ಅಂದಾಜು ಎಂದರೆ ದಪ್ಪ ಕಡತ ಎಂಬ ಭಯ ಬೇಡ. ಸಣ್ಣ ಕಚೇರಿ, ಹಾಸ್ಟೆಲು, ಘಟಕಕ್ಕೆ ಅರ್ಧ ದಿನ ಸಾಕು. ಬೇಕಾದದ್ದು ಒಂದು ಥರ್ಮಾಮೀಟರ್, ನೀರಿನ ಕ್ಲೋರಿನ್ ಅಳೆಯಲು ಪಂಚಾಯಿತಿಯವರು ಬಳಸುವ ಕ್ಲೋರೋಸ್ಕೋಪ್, ಒಂದು ಟಾರ್ಚು, ಕಟ್ಟಡದ ಕೊಳವೆ ಗೊತ್ತಿರುವ ಪ್ಲಂಬರ್.

ಮೊದಲು ನಕ್ಷೆ ಬರೆಯಿರಿ. ಬೋರು, ಸಂಪು, ಮೋಟಾರು, ಟ್ಯಾಂಕು, ಹೀಟರು, ಪ್ರತಿ ನಲ್ಲಿ. ನಕ್ಷೆ ಬರೆಯುವಾಗಲೇ ಕಣ್ಣಿಗೆ ಬೀಳುವುದು ಸತ್ತ ಕೊಂಡಿಗಳು: ಹಳೆಯ ವಾಶ್‌ಬೇಸಿನ್ ಕಿತ್ತು ಬಾಯಿಗೆ ಮುಚ್ಚಳ ಬಿಗಿದು ಬಿಟ್ಟ ಪೈಪು, ಯಾರೂ ಹೋಗದ ಅತಿಥಿ ಕೋಣೆಯ ಶವರ್. ಅಲ್ಲಿ ನಿಂತ ನೀರು ಇಡೀ ಸಾಲಿಗೆ ಬೀಜ ಬಿತ್ತುತ್ತಿರುತ್ತದೆ. ಅಂಥ ಪೈಪನ್ನು ಮುಖ್ಯ ಸಾಲಿನ ಹತ್ತಿರಕ್ಕೇ ಕತ್ತರಿಸಿ ಹಾಕಬೇಕು.

ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಡಿ. ತಳದ ಕೆಸರು, ಗೋಡೆಯ ಪಾಚಿ, ಬಿದ್ದ ಹಲ್ಲಿ, ಒಡೆದ ಮುಚ್ಚಳ ಎಲ್ಲ ಬರೆದುಕೊಳ್ಳಿ. ಟ್ಯಾಂಕಿಗೆ ಅತಿ ದೂರದ ನಲ್ಲಿಯಲ್ಲಿ ಉಷ್ಣಾಂಶ, ಕ್ಲೋರಿನ್ ಅಳೆಯಿರಿ. ಭಾರತೀಯ ಮಾನಕ 10500ರ ಪ್ರಕಾರ ಬಳಕೆಯ ತುದಿಯಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ಬಿಸಿಲಿಗೆ 0.5ರ ಹತ್ತಿರ ಇಟ್ಟುಕೊಳ್ಳುವುದು ಲೇಸು. ಫ್ಲೋರೈಡ್ ಇರುವ ಬೋರಿನ ನೀರು ಹೆಚ್ಚಾಗಿ ಕ್ಷಾರೀಯ. ಪಿಎಚ್ 8 ದಾಟಿದರೆ ಕ್ಲೋರಿನ್‌ನ ಕೊಲ್ಲುವ ಶಕ್ತಿ ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕ ಕಷ್ಟವಲ್ಲ. ಬ್ಲೀಚಿಂಗ್ ಪುಡಿಯಲ್ಲಿ ಶೇ 25 ಕ್ಲೋರಿನ್ ಇದ್ದರೆ 1,000 ಲೀಟರಿಗೆ 4 ಗ್ರಾಂ ಹಾಕಿದಾಗ ಲೀಟರಿಗೆ 1 ಮಿಲಿಗ್ರಾಂ ಆಗುತ್ತದೆ. ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಅರ್ಧ ಗಂಟೆ ಬಿಟ್ಟು ಅಳೆಯಬೇಕು. ಕೆಸರು ಕಟ್ಟಿದ ಟ್ಯಾಂಕಿಗೆ ಇಷ್ಟು ಸಾಲದು. ಮೊದಲು ಖಾಲಿ ಮಾಡಿ ಉಜ್ಜಿ, ಮತ್ತೆ ತುಂಬಿಸಿ, 1,000 ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ ಹಾಕಿ, ಪ್ರತಿ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, 1 ಗಂಟೆ ನಿಲ್ಲಿಸಿ, ಪೂರ್ತಿ ಹೊರಬಿಟ್ಟು ತೊಳೆಯಬೇಕು. ಆ ಹೊತ್ತು ಯಾರೂ ನೀರು ಬಳಸಬಾರದು. ಬ್ಲೀಚಿಂಗ್ ಪುಡಿಯನ್ನು ಆಸಿಡ್, ವಿನೆಗರ್ ಯಾವುದರ ಜೊತೆಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ.

ವಾರಕ್ಕೊಮ್ಮೆ ಬಳಸದ ನಲ್ಲಿ ಬಿಡುವಾಗ ರಭಸ ಬೇಡ, ನಿಧಾನಕ್ಕೆ ಬಿಡಿ. ಶವರ್ ತಲೆಯನ್ನು ಬಕೆಟ್ಟಿನೊಳಗೆ ಇಳಿಸಿ ಬಿಟ್ಟರೆ ಹನಿ ಏಳದು.

ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಪಂಚಾಯಿತಿಯ ಬಾಟಲಿ ಪರೀಕ್ಷೆಯಲ್ಲಿ ನೀರು ಕಪ್ಪಾಗದಿದ್ದರೆ ಎಲ್ಲ ಸರಿ ಎಂದುಕೊಳ್ಳುತ್ತಾರೆ. ಆ ಪರೀಕ್ಷೆ ಹುಡುಕುವುದು ಮಲದ ಕಲ್ಮಶವನ್ನು. ಲೆಜಿಯೊನೆಲ್ಲಾ ಅದಕ್ಕೆ ಸಿಗುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಬೇರೆ ವಿಧಾನದಲ್ಲಿ ಬೆಳೆಸಿ ನೋಡಬೇಕು, ಫಲಿತಾಂಶಕ್ಕೆ ಹತ್ತು ದಿನ ಹಿಡಿಯಬಹುದು. ಆಸ್ಪತ್ರೆ, ಕೂಲಿಂಗ್ ಟವರ್ ಇರುವ ಕಡೆ ಈ ಪರೀಕ್ಷೆ ಬೇಕೇ ಬೇಕು. ಆದರೆ ಪರೀಕ್ಷೆಯ ವರದಿ ಶುಚಿತ್ವಕ್ಕೆ ಬದಲಿಯಲ್ಲ.

ಹೊಣೆ ಯಾರದು

1948ರ ಕಾರ್ಖಾನೆಗಳ ಕಾಯ್ದೆಯ 15ನೇ ಕಲಮಿನಲ್ಲಿ ಒಂದು ಹಳೆಯ ಮಾತಿತ್ತು. ಕಾರ್ಖಾನೆಯ ಗಾಳಿಗೆ ಕೃತಕವಾಗಿ ತೇವ ಸೇರಿಸುವುದಾದರೆ ಆ ನೀರು ಸಾರ್ವಜನಿಕ ಸರಬರಾಜಿನದೋ ಕುಡಿಯುವ ಮೂಲದ್ದೋ ಆಗಿರಬೇಕು, ಇಲ್ಲವೇ ಬಳಸುವ ಮುನ್ನ ಶುದ್ಧ ಮಾಡಿರಬೇಕು. ನೂಲಿನ ಗಿರಣಿಗಳ ತೇವದ ಗಾಳಿಯನ್ನು ಕಣ್ಣಮುಂದಿಟ್ಟುಕೊಂಡು, ಫಿಲಡೆಲ್ಫಿಯಾದ ಘಟನೆಗೆ 28 ವರ್ಷ ಮೊದಲೇ ಬರೆದ ನಿಯಮ ಇದು. ಉಸಿರಾಡುವ ನೀರೂ ಶುದ್ಧವಿರಬೇಕೆಂಬ ತಿಳಿವು ನಮ್ಮ ಕಾನೂನಿಗೆ ಆಗಲೇ ಇತ್ತು. ಆದರೆ ಅದೇ ಕಾಯ್ದೆಯಲ್ಲಿ, ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ, ಲೆಜಿಯೊನೆಲ್ಲಾ ತರುವ ಲೆಜಿಯೊನೈರ್ಸ್ ಕಾಯಿಲೆಗೆ ಜಾಗ ಸಿಗಲಿಲ್ಲ. ವರದಿಯಾಗದ ಕಾಯಿಲೆ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ್ದು ಇಲ್ಲವೆಂದೇ ಆಗಿಬಿಡುತ್ತದೆ. ದೆಹಲಿಯ ಏಮ್ಸ್ ಸಂಶೋಧಕರು ಆಸ್ಪತ್ರೆಯ ನೀರಿನಲ್ಲೂ ನ್ಯುಮೋನಿಯಾ ರೋಗಿಗಳಲ್ಲೂ ಇದನ್ನು ಗುರುತಿಸಿದ್ದಾರೆ. ಭಾರತದಲ್ಲಿ ಇದು ಇಲ್ಲ ಎನ್ನುವ ಮಾತು ನಿಲ್ಲದು.

ಹೊಣೆ ಒಬ್ಬರ ಹೆಸರಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್ ಸಾಕ್ಷಿ. ಅಲ್ಲಿನ ನಗರಸಭೆಯ ಕಲಾಕೇಂದ್ರದ ಹವಾನಿಯಂತ್ರಣ ಯಂತ್ರದ ನೀರು ಶುದ್ಧೀಕರಿಸುವ ಗುತ್ತಿಗೆ ನಿಂತುಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. 2002ರ ಬೇಸಿಗೆಯಲ್ಲಿ ಕಟ್ಟಡದ ಪಕ್ಕದ ಓಣಿಗೆ ಬೀಳುತ್ತಿದ್ದ ಹನಿಗಳಿಂದ 7 ಮಂದಿ ಸತ್ತರು. ನ್ಯಾಯಾಲಯ ನಗರಸಭೆಗೆ 1,25,000 ಪೌಂಡ್ ದಂಡ ಹಾಕಿತು. ಯಂತ್ರ ಕೆಟ್ಟಿರಲಿಲ್ಲ. ಒಂದು ಗುತ್ತಿಗೆಯ ನವೀಕರಣ ತಪ್ಪಿತ್ತು.

ಕಾಯಿಲೆಯ ಲಕ್ಷಣ ತಿಳಿದಿರಲಿ. ಹನಿ ಒಳಹೋದ 2ರಿಂದ 10 ದಿನಗಳಲ್ಲಿ, ಕೆಲವೊಮ್ಮೆ ಎರಡು ವಾರ ಕಳೆದು, ಜೋರು ಜ್ವರ, ಒಣಕೆಮ್ಮು, ಮೈಕೈ ನೋವು, ತಲೆನೋವು. ಕೆಲವರಿಗೆ ಭೇದಿ, ಮಂಕು. 50 ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ದೂಳಿನ ಕೆಲಸದಿಂದ ಶ್ವಾಸಕೋಶ ಸೋತವರಿಗೆ ಅಪಾಯ ಹೆಚ್ಚು. ಸಾಮಾನ್ಯ ನ್ಯುಮೋನಿಯಾಕ್ಕೆ ಕೊಡುವ ಪೆನಿಸಿಲಿನ್ ಬಗೆಯ ಔಷಧಿಗಳಿಗೆ ಇದು ಜಗ್ಗುವುದಿಲ್ಲ. ಅಜಿತ್ರೊಮೈಸಿನ್, ಲಿವೊಫ್ಲಾಕ್ಸಸಿನ್‌ನಂಥವಕ್ಕೆ ಜಗ್ಗುತ್ತದೆ. ಯಾವುದು ಬೇಕೆಂದು ತೀರ್ಮಾನಿಸುವವರು ವೈದ್ಯರು. ನೀವು ಹೇಳಬೇಕಾದದ್ದು ಅವರು ಕೇಳದಿರಬಹುದಾದ ಒಂದು ಮಾತು: ಎಲ್ಲಿ ಕೆಲಸ ಮಾಡುತ್ತೀರಿ, ಅಲ್ಲಿ ನೀರು ಎಲ್ಲೆಲ್ಲಿ ಸಿಡಿಯುತ್ತದೆ. ಮೂತ್ರದ ಸರಳ ಪರೀಕ್ಷೆಯೊಂದು ಈ ಬ್ಯಾಕ್ಟೀರಿಯಾದ ಮುಖ್ಯ ಬಗೆಯನ್ನು ಹಿಡಿಯಬಲ್ಲದು.

ಪ್ರತಿ ಕಚೇರಿ, ಹಾಸ್ಟೆಲು, ಘಟಕದಲ್ಲಿ ನೀರಿನ ಹೊಣೆ ಒಬ್ಬರ ಹೆಸರಿಗೆ ಬರೆದಿಡಲಿ. ಟ್ಯಾಂಕು ತೊಳೆದ ದಿನ, ಕ್ಲೋರಿನ್ ಅಳತೆ, ಬಿಟ್ಟ ನಲ್ಲಿಗಳು ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಲಿ. ಗಡಿಭಾಗದ ಪಂಚಾಯಿತಿಗಳು ಬೇಸಿಗೆ ಮುಗಿದು ಶಾಲೆ ತೆರೆಯುವ ಮುನ್ನ ವಸತಿ ಶಾಲೆಗಳ ಟ್ಯಾಂಕುಗಳಿಂದಲೇ ಇದನ್ನು ಆರಂಭಿಸಬಹುದು. ಬೇಕಾದ ಬ್ಲೀಚಿಂಗ್ ಪುಡಿ, ಕ್ಲೋರೋಸ್ಕೋಪ್ ಅವರ ಬಳಿ ಈಗಾಗಲೇ ಇವೆ.